ಆಟದೊಳಗಿನ ವಿದ್ಯೆ, ಆಟದ ಹೊರಗಿನ ಹಣ

ನಾನಿರುವುದು ದುಬೈನ ಊದ್ ಮೇಥಾದಲ್ಲಿ. ಬರ್ ದುಬೈಗೆ ತಾಗಿಕೊಂಡಿರುವ, ಶಾಲೆ, ಆಸ್ಪತ್ರೆ, ಚರ್ಚು, ಕ್ಲಬ್ಬುಗಳು ಒತ್ತೊತ್ತಾಗಿರುವ ಬಡಾವಣೆ. 1961ರಲ್ಲಿ ಆರಂಭವಾದ ಇಂಡಿಯನ್ ಹೈಸ್ಕೂಲ್ ಇಲ್ಲಿದೆ. ಅದರ ಶೇಖ್ ರಶೀದ್ ಸಭಾಂಗಣದಲ್ಲಿ ಕನ್ನಡದ ಎಷ್ಟೋ ಕಾರ್ಯಕ್ರಮಗಳು ನಡೆದಿವೆ. 1979ರಲ್ಲಿ ತೆರೆದ ಅಲ್ ನಸ್ರ್ ಲೀಷರ್‌ಲ್ಯಾಂಡ್‌ನ ಐಸ್ ರಿಂಕ್‌ನಲ್ಲಿ ಇಲ್ಲಿಯ ಮಕ್ಕಳು ಬಿದ್ದೆದ್ದು ಸ್ಕೇಟಿಂಗ್ ಕಲಿತಿದ್ದಾರೆ. ಜುಲೈ, ಆಗಸ್ಟ್ ಬಂತೆಂದರೆ ಹೊರಗೆ ಕಾಲಿಡಲಾಗದ ಬಿಸಿಲು, ಶಾಲೆಗೂ ರಜೆ. ಊರಿಗೆ ಹೋಗದೆ ಉಳಿದ ಮಕ್ಕಳು ಎ.ಸಿ. ಹಾಕಿದ ಕೋಣೆಯಲ್ಲಿ ಕೂತು ಇನ್ನೊಂದು ಲೋಕಕ್ಕೆ ಹೊರಡುತ್ತಾರೆ. ಅಲ್ಲಿ ಅವರು ಬಿಲ್ಲುಗಾರರು, ಮಾಂತ್ರಿಕರು, ಕಮ್ಮಾರರು, ಗಾಯ ವಾಸಿಮಾಡುವ ವೈದ್ಯರು. ಜೊತೆಗಾರರಲ್ಲಿ ಒಬ್ಬ ಕೈರೋದವನು, ಒಬ್ಬಳು ಮನಿಲಾದವಳು, ಇನ್ನೊಬ್ಬ ನಮ್ಮ ಬೆಂಗಳೂರಿನವನೇ.

ಆನ್‌ಲೈನ್ ಆಟದ ಇಂಥ ಲೋಕಗಳ ಎರಡು ಸಂಗತಿಗಳನ್ನು ಇವತ್ತು ಒಟ್ಟಿಗೆ ಇಟ್ಟು ನೋಡೋಣ. ಒಂದು, ಅಲ್ಲಿ ವಿದ್ಯೆ ಬೆಳೆಯುವ ಬಗೆ. ಇನ್ನೊಂದು, ಆ ಲೋಕವನ್ನು ನಡೆಸುವ ಕಂಪನಿಗೆ ಹಣ ಬರುವ ಬಗೆ. ಮೊದಲನೆಯದನ್ನು ಮಕ್ಕಳು ಚೆನ್ನಾಗಿ ಬಲ್ಲರು. ಎರಡನೆಯದು ಅಪ್ಪ ಅಮ್ಮಂದಿರಿಗೆ ಗೊತ್ತಾಗುವುದು ಬಿಲ್ಲು ಬಂದ ಮೇಲೆ. ಹೀಗಾಗಿ ಒಂದೇ ಮನೆಯಲ್ಲಿ ಇಬ್ಬರೂ ಅರ್ಧರ್ಧ ತಿಳಿದುಕೊಂಡು ಜಗಳವಾಡುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟು: ಹಣ ಯಾವ ದಾರಿಯಲ್ಲಿ ಬರುತ್ತದೋ, ಆಟದೊಳಗಿನ ವಿದ್ಯೆಯೂ ಅದೇ ದಾರಿ ಹಿಡಿಯುತ್ತದೆ. ಇದನ್ನು ತಿಳಿದರೆ ಯಾವ ಆಟ ಮಗುವಿಗೆ ಏನನ್ನು ಕಲಿಸುತ್ತಿದೆ ಎಂದು ಮನೆಯಲ್ಲೇ ಅಳೆಯಬಹುದು.

ಈ ಆಟಗಳ ಮೂಲ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ಆಟ. ಯೋಧನೋ ಮಾಂತ್ರಿಕನೋ ಎಂದು ಮೊದಲೇ ಆರಿಸಿಕೊಳ್ಳಬೇಕು. ಅನುಭವದ ಅಂಕ ಕೂಡಿದ ಹಾಗೆ ಲೆವೆಲ್ ಏರುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಇಂಥ ಲೋಕವೊಂದನ್ನು ಕಂಪ್ಯೂಟರಿನೊಳಗೆ ಕಟ್ಟಿದರು. ಚಿತ್ರವಿಲ್ಲ, ಬರೀ ಅಕ್ಷರ. ಆದರೂ ಹಲವರು ಒಂದೇ ಹೊತ್ತಿಗೆ ಅದರೊಳಗೆ ಓಡಾಡಬಹುದಿತ್ತು. ಅದಕ್ಕೆ 'ಮಡ್' ಎಂದು ಹೆಸರಿಟ್ಟರು.

1997ರ ಸೆಪ್ಟೆಂಬರಿನಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಒಂದು ಹೊಸ ನಿಯಮ ತಂದಿತು. ಅಲ್ಲಿ ನೀವು ಹುಟ್ಟಾ ಯೋಧರೂ ಅಲ್ಲ, ಹುಟ್ಟಾ ಮಾಂತ್ರಿಕರೂ ಅಲ್ಲ. ಯಾವ ಕೆಲಸ ಮಾಡುತ್ತೀರೋ ಆ ಕೆಲಸದ ಕಸುಬು ಬೆಳೆಯುತ್ತದೆ. ಕತ್ತಿ ಬೀಸಿದರೆ ಕತ್ತಿವರಸೆ, ಗಣಿ ಅಗೆದರೆ ಗಣಿಗಾರಿಕೆ, ಬಟ್ಟೆ ಹೊಲಿದರೆ ಹೊಲಿಗೆ. ಮೊದಲಿಗೆ ಒಂದೊಂದು ವಿದ್ಯೆಗೂ 100 ಅಂಕದ ಮಿತಿ, ಎಲ್ಲ ವಿದ್ಯೆಗೂ ಸೇರಿ 700ರ ಮಿತಿ ಇತ್ತು. ಅಂದರೆ ಏಳು ವಿದ್ಯೆಗಳಲ್ಲಿ ಪಾರಂಗತರಾಗಬಹುದಿತ್ತು. ಎಂಟನೆಯದು ಬೇಕೆಂದರೆ ಇದ್ದುದರಲ್ಲಿ ಒಂದನ್ನು ಮರೆಯಬೇಕಿತ್ತು. ಹೀಗಾಗಿ ಎಲ್ಲವನ್ನೂ ಬಲ್ಲವರು ಯಾರೂ ಇರಲಿಲ್ಲ. ಕಮ್ಮಾರನಿಗೆ ಗಣಿಯವನು ಬೇಕು, ಯೋಧನಿಗೆ ಕಮ್ಮಾರ ಬೇಕು, ಎಲ್ಲರಿಗೂ ದರ್ಜಿ ಬೇಕು. ಒಂದು ಅಂಕದ ಮಿತಿಯಿಂದ ಒಂದು ಊರೇ ಹುಟ್ಟಿಕೊಂಡಿತು. ಆಟ ಕಟ್ಟುವವರ ಜಾಣ್ಮೆ ಎಂದರೆ ಇದು.

ಆ ಆಟಕ್ಕೆ ಆಗ ತಿಂಗಳಿಗೆ 9 ಡಾಲರ್ 95 ಸೆಂಟ್ ಚಂದಾ ಇತ್ತು. 1999ರ 'ಎವರ್‌ಕ್ವೆಸ್ಟ್', 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಇದೇ ಚಂದಾದ ದಾರಿಯಲ್ಲಿ ಬೆಳೆದವು. 2010ರ ಹೊತ್ತಿಗೆ ವಾರ್‌ಕ್ರಾಫ್ಟ್‌ಗೆ 1 ಕೋಟಿ 20 ಲಕ್ಷ ಚಂದಾದಾರರಿದ್ದರು. ಚಂದಾ ತೆಗೆದುಕೊಳ್ಳುವ ಕಂಪನಿಗೆ ಬೇಕಾದದ್ದು ನೀವು ಮುಂದಿನ ತಿಂಗಳೂ ಇರುವುದು. ಆದ್ದರಿಂದ ಲೆವೆಲ್‌ಗಳ ಏಣಿ ಉದ್ದವಾಯಿತು, ಮೆಟ್ಟಿಲುಗಳ ನಡುವಿನ ಅಂತರವೂ ಹೆಚ್ಚಿತು.

ಈ ಏಣಿಯ ಲೆಕ್ಕವನ್ನು ನನಗೆ ಕಲಿಸಿದವನು ನಮ್ಮ ಕಟ್ಟಡದ ಒಬ್ಬ ಹುಡುಗ. ಅವನು ಆಡುತ್ತಿದ್ದದ್ದು 'ರೂನ್‌ಸ್ಕೇಪ್'. 2001ರ ಜನವರಿಯಲ್ಲಿ ಬ್ರೌಸರಿನಲ್ಲೇ ಆಡುವಂತೆ ಬಂದ ಬ್ರಿಟಿಷ್ ಆಟ. ಅದರ ಒಂದು ಭಾಗ ಎಲ್ಲರಿಗೂ ಉಚಿತ, ಉಳಿದದ್ದಕ್ಕೆ ಸದಸ್ಯತ್ವ. ಮರ ಕಡಿಯುವುದು, ಮೀನು ಹಿಡಿಯುವುದು, ಅಡುಗೆ ಮಾಡುವುದು, ಪ್ರತಿಯೊಂದೂ ಅಲ್ಲಿ ವಿದ್ಯೆಯೇ, ಪ್ರತಿಯೊಂದಕ್ಕೂ ಆಗ 1ರಿಂದ 99ರವರೆಗೆ ಲೆವೆಲ್ ಇತ್ತು. ಅವನು ಮರ ಕಡಿಯುವುದರಲ್ಲಿ 92 ಮುಟ್ಟಿದ್ದ. "ಇನ್ನೇನು ಮುಗಿದ ಹಾಗೇ ಅಲ್ವೇನೋ" ಎಂದೆ. "ಇಲ್ಲ ಅಂಕಲ್, 92 ಅಂದ್ರೆ ಈಗ ಅರ್ಧ ಆಯ್ತು" ಎಂದ. ಅವನ ಮಾತು ನಿಜ. 99 ತಲುಪಲು ಬೇಕಾದ ಅಂಕ 1,30,34,431. 92ಕ್ಕೆ ಬೇಕಾದದ್ದು 65,17,253. ಪ್ರತಿ ಏಳು ಲೆವೆಲ್‌ಗೆ ಅಂಕ ಸುಮಾರು ಇಮ್ಮಡಿಯಾಗುತ್ತಾ ಹೋಗುತ್ತದೆ. ಕೊನೆಯ ಏಳು ಮೆಟ್ಟಿಲು ಹತ್ತಲು, ಮೊದಲ 91 ಹತ್ತಲು ಪಟ್ಟಷ್ಟೇ ಪಾಡು ಪಡಬೇಕು.

ಇದು ಹೊತ್ತು ನುಂಗುವ ಏಣಿ, ಒಪ್ಪುತ್ತೇನೆ. ಆದರೂ ಅದರಲ್ಲಿ ಒಂದು ನ್ಯಾಯವಿದೆ. ಶ್ರೀಮಂತನ ಮಗನೂ, ಡ್ರೈವರನ ಮಗನೂ ಒಂದೇ ಚಂದಾ ಕೊಟ್ಟು ಒಂದೇ ಕಡೆಯಿಂದ ಹತ್ತಬೇಕು. ದುಬೈನಂಥ ಊರಿನಲ್ಲಿ ಯಾರ ಅಪ್ಪನ ಕಾರು ಯಾವುದು, ಯಾರ ಮನೆ ಎಷ್ಟು ಬೆಡ್‌ರೂಮಿನದು ಎಂಬುದು ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ಇಂಥ ಕಡೆ ದುಡ್ಡಿನ ಮಾತೇ ಬಾರದ ಒಂದು ಅಂಗಳ ಮಗುವಿಗೆ ಸಿಗುವುದು ಸಣ್ಣ ಸಂಗತಿಯಲ್ಲ.

ಹೊತ್ತಿಗೆ ಬೆಲೆ ಬಂದ ಕೂಡಲೇ ಅದನ್ನು ಮಾರುವವರೂ ಬಂದರು. 2001ರಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವಾ, ಎವರ್‌ಕ್ವೆಸ್ಟ್‌ನ ವಸ್ತುಗಳು ಹೊರಗೆ ಯಾವ ಬೆಲೆಗೆ ಹೋಗುತ್ತಿವೆ ಎಂದು ನೋಡಿ, ಆ ಲೋಕದಲ್ಲಿ ಒಂದು ಗಂಟೆಯ ದುಡಿಮೆಗೆ 3 ಡಾಲರ್ 42 ಸೆಂಟ್ ಹುಟ್ಟುತ್ತದೆ ಎಂದು ಲೆಕ್ಕ ಹಾಕಿದರು. ದಿನವಿಡೀ ಆಟದ ಚಿನ್ನ ಕೂಡಿಹಾಕಿ ಪರದೇಶದವರಿಗೆ ಮಾರುವ ದುಡಿಮೆಗಾರರ ಕೋಣೆಗಳು ಚೀನಾದಲ್ಲಿ ಎದ್ದವು. ಇದನ್ನು ತಡೆಯಲು ರೂನ್‌ಸ್ಕೇಪ್ ಆಟಗಾರರ ನಡುವಿನ ಮುಕ್ತ ವ್ಯಾಪಾರವನ್ನೇ ಕೆಲವು ವರ್ಷ ನಿಲ್ಲಿಸಿತು. ಜನ ಬೇಸತ್ತರು. 2011ರಲ್ಲಿ ಅದನ್ನು ಮರಳಿ ತರಬೇಕಾಯಿತು.

ಚಂದಾ ಒಂದೇ ದಾರಿ ಎಂದೇನೂ ಇರಲಿಲ್ಲ. 2005ರಲ್ಲಿ ಬಂದ 'ಗಿಲ್ಡ್ ವಾರ್ಸ್' ಆಟವನ್ನು ಪುಸ್ತಕ ಕೊಂಡಂತೆ ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಚಂದಾ ಇಲ್ಲ. ಏಣಿ ಉದ್ದ ಮಾಡಿ ಕಂಪನಿಗೆ ಆಗಬೇಕಾದ್ದೇನೂ ಇಲ್ಲದ ಕಾರಣ ಅಲ್ಲಿ ಲೆವೆಲ್ 20ಕ್ಕೇ ಕೊನೆ. ಅದಾದ ಮೇಲೆ ಆಟ ಬೇರೆಯೇ ಆಗುತ್ತದೆ. ನೂರಾರು ವಿದ್ಯೆಗಳನ್ನು ಕಲಿಯಬಹುದು, ಆದರೆ ಊರ ಹೊರಗೆ ಕಾಲಿಡುವಾಗ ಎಂಟನ್ನಷ್ಟೇ ಜೊತೆಗೆ ಒಯ್ಯಬಹುದು. ಯಾವ ಎಂಟು? ಎದುರಾಳಿ ಯಾರು, ಜೊತೆಗಾರರು ಏನನ್ನು ತಂದಿದ್ದಾರೆ, ದಾರಿಯಲ್ಲಿ ಏನಾಗಬಹುದು, ಎಲ್ಲವನ್ನೂ ಯೋಚಿಸಿ ಆರಿಸಬೇಕು. ಏರುವುದಕ್ಕೆ ಹೋಗುತ್ತಿದ್ದ ಹೊತ್ತು ಇಲ್ಲಿ ಆಲೋಚನೆಗೆ ಹೋಯಿತು. ಹಣ ತೆಗೆದುಕೊಳ್ಳುವ ಕ್ರಮ ಬೇರೆಯಾದದ್ದರಿಂದಲೇ ಇದು ಆದದ್ದು.

ಮೂರನೆಯ ದಾರಿ ಕೊರಿಯಾದಿಂದ ಬಂತು. 2000ದ ದಶಕದ ಆರಂಭದಲ್ಲಿ ಅಲ್ಲಿಯ ನೆಕ್ಸಾನ್ ಕಂಪನಿ ಆಟವನ್ನು ಬಿಟ್ಟಿಯಾಗಿ ಕೊಟ್ಟು, ಒಳಗಿನ ವಸ್ತುಗಳನ್ನು ಮಾರಲು ತೊಡಗಿತು. ಅದರ 'ಮೇಪಲ್‌ಸ್ಟೋರಿ' 2004ರಲ್ಲಿ ಜಪಾನಿನಲ್ಲಿ ದುಡ್ಡು ಹಾಕಿ ಏನು ಸಿಗುತ್ತದೋ ನೋಡುವ ಯಂತ್ರವನ್ನು ಆಟದೊಳಗೆ ಇಟ್ಟಿತು. ಇವತ್ತು ಮಕ್ಕಳು ಗಚಾ, ಲೂಟ್ ಬಾಕ್ಸ್ ಎನ್ನುವ ಬಳ್ಳಿಯ ಬೇರು ಇದು.

ಈ ಕೊಲ್ಲಿ ನಾಡಿಗೆ ಬಿಟ್ಟಿ ಆಟದ ಪದ್ಧತಿ ಬೇಗ ಹೊಂದಿಕೊಂಡಿತು. 2010ರ ಆಸುಪಾಸಿನಲ್ಲಿ ದುಬೈನ ತಹದ್ದಿ ಗೇಮ್ಸ್ ಎಂಬ ಕಂಪನಿ ಕೊರಿಯಾದ 'ರ್‍ಯಾಗ್ನರಾಕ್ ಆನ್‌ಲೈನ್' ಮೊದಲಾದ ಆಟಗಳನ್ನು ಅರಬ್ಬಿಗೆ ತರಲು ಹೊರಟಿತ್ತು. ಈ ಭಾಗದ ಹುಡುಗರಲ್ಲಿ ಹೆಚ್ಚಿನವರ ಬಳಿ ಕ್ರೆಡಿಟ್ ಕಾರ್ಡ್ ಇಲ್ಲ, ಕೈಯಲ್ಲಿ ಇರುವುದು ನಗದು. ಚಂದಾ ಕಟ್ಟಲಾರದವನೂ ಬಿಟ್ಟಿ ಆಟದೊಳಗೆ ಬರುತ್ತಾನೆ, ಬಂದ ಮೇಲೆ ಕೈಯಲ್ಲಿದ್ದಷ್ಟು ಹಣಕ್ಕೆ ಟಾಪ್ಅಪ್ ಕಾರ್ಡು ಕೊಳ್ಳುತ್ತಾನೆ. ಇವತ್ತೂ ಊದ್ ಮೇಥಾದ ಯಾವ ಗ್ರೋಸರಿಗೆ ಹೋದರೂ ಹಾಲು, ಮೊಸರು, ಕುಬ್ಬೂಸಿನ ಜೊತೆ ಗೇಮ್ ಟಾಪ್ಅಪ್ ಮಾಡುವ ಕಾರ್ಡ್ ಕೇಳಬಹುದು. ಅದೂ ಬೇಡವೆಂದರೆ ಖರೀದಿಯನ್ನು ಮೊಬೈಲ್ ಬಿಲ್ಲಿಗೇ ಸೇರಿಸುವ ಅನುಕೂಲವಿದೆ. ಐವತ್ತು ದಿರ್ಹಮಿನ ನೋಟು ಹಿಡಿದು ಕೌಂಟರಿನ ಮುಂದೆ ನಿಂತ ಹನ್ನೆರಡು ವರ್ಷದ ಹುಡುಗನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತೇ? ಅದಕ್ಕೆ ಉತ್ತರ ಆಟವನ್ನು ಅವಲಂಬಿಸಿದೆ.

ಕೆಲವು ಆಟಗಳಲ್ಲಿ ಅವನು ಕೊಳ್ಳುವುದು ಬರೀ ಉಡುಪು, ಬಣ್ಣ. ಮಕ್ಕಳು ಅದಕ್ಕೆ ಸ್ಕಿನ್ ಎನ್ನುತ್ತಾರೆ. ನೋಡಲು ಚೆನ್ನ, ಬಲ ಹೆಚ್ಚುವುದಿಲ್ಲ. ಇನ್ನು ಕೆಲವು ಕಡೆ ಕೊಳ್ಳುವುದು ವಿದ್ಯೆಯನ್ನೇ. 2014ರಲ್ಲಿ ವಾರ್‌ಕ್ರಾಫ್ಟ್ 60 ಡಾಲರಿಗೆ, ಅಂದರೆ ಸುಮಾರು 220 ದಿರ್ಹಮಿಗೆ, ಒಂದು ಪಾತ್ರವನ್ನು ನೇರ 90ನೇ ಲೆವೆಲ್‌ಗೆ ಏರಿಸಿ ಕೊಡತೊಡಗಿತು. ಅಂತರಿಕ್ಷದಲ್ಲಿ ನಡೆಯುವ 'ಈವ್ ಆನ್‌ಲೈನ್' ಇನ್ನೂ ಮುಂದೆ ಹೋಯಿತು. 2003ರಲ್ಲಿ ಬಂದ ಈ ಐಸ್‌ಲ್ಯಾಂಡಿನ ಆಟದಲ್ಲಿ ವಿದ್ಯೆ ಗಡಿಯಾರದ ಜೊತೆಗೇ ಬೆಳೆಯುತ್ತಿತ್ತು. ನೀವು ಮಲಗಿದ್ದರೂ, ಆಫೀಸಿನಲ್ಲಿದ್ದರೂ ಅಲ್ಲಿ ಕಲಿಕೆ ಸಾಗುತ್ತಿತ್ತು. ಹಳಬರನ್ನು ಹೊಸಬರು ಹಿಂದೆ ಹಾಕುವ ಹಾಗೆಯೇ ಇರಲಿಲ್ಲ. 2016ರ ಫೆಬ್ರವರಿಯಲ್ಲಿ ಕಂಪನಿ ಒಂದು ಉಪಕರಣ ಮಾರಿತು. ಅದರಿಂದ ಹಳಬ ತನ್ನ ತಲೆಯಿಂದ 5 ಲಕ್ಷ ಅಂಕದ ವಿದ್ಯೆಯನ್ನು ಹೀರಿ ತೆಗೆದು ಸಂತೆಯಲ್ಲಿ ಮಾರಬಹುದು. ಕೊಂಡವನು ಹೊಸಬನಾಗಿದ್ದರೆ 5 ಲಕ್ಷವೂ ಅವನಿಗೆ ದಕ್ಕುತ್ತದೆ. 8 ಕೋಟಿ ಅಂಕ ದಾಟಿದ ಪಳಗಿದವನಾದರೆ ಒಂದೂವರೆ ಲಕ್ಷ ಮಾತ್ರ, ಉಳಿದದ್ದು ಆವಿ. ಹೊಸಬರಿಗೆ ದಾರಿಯೇನೋ ತೆರೆಯಿತು. ಜೊತೆಗೆ, ವರ್ಷಗಳ ಕಾಯುವಿಕೆಗೆ ಅಂಗಡಿಯ ಬೆಲೆಪಟ್ಟಿಯೂ ಬಂತು.

ಈಗ ನಮ್ಮ ಮಕ್ಕಳ ಕೈಯಲ್ಲಿರುವ ಒಂದು ಆಟವನ್ನು ನೋಡೋಣ. 2020ರ ಸೆಪ್ಟೆಂಬರಿನಲ್ಲಿ ಬಂದ ಚೀನಾದ 'ಗೆನ್‌ಶಿನ್ ಇಂಪ್ಯಾಕ್ಟ್'. ಸುಂದರವಾದ ಆಟ, ಸಂಗೀತವೂ ಸೊಗಸು. ಹಣವಿಲ್ಲದೆಯೇ ಬಹಳ ದೂರ ಹೋಗಬಹುದು. ಆದರೆ ಹೊಸ ವೀರರು ಹೆಚ್ಚಾಗಿ ಸಿಗುವುದು ಗಚಾ ಎಳೆದಾಗ. ಐದು ನಕ್ಷತ್ರದ ಪಾತ್ರ ಸಿಗುವ ಸಾಧ್ಯತೆ ಪ್ರತಿ ಎಳೆತಕ್ಕೆ ಶೇಕಡಾ 0.6 ಎಂದು ಕಂಪನಿಯೇ ಬರೆದಿಟ್ಟಿದೆ. ಆ ಲೆಕ್ಕದಲ್ಲಿ ನೂರು ಮಕ್ಕಳು 50 ಸಲ ಎಳೆದರೂ ಸುಮಾರು 74 ಮಂದಿ ಬರಿಗೈ. 90ನೇ ಸಲ ಒಂದು ಖಂಡಿತ ಸಿಗುತ್ತದೆ, ಆದರೆ ಅದು ಮಗು ಬಯಸಿದ ವೀರನೇ ಆಗಬೇಕೆಂದಿಲ್ಲ. ಒಂದು ಎಳೆತಕ್ಕೆ 160 ರತ್ನ, 90ಕ್ಕೆ 14,400. 100 ಡಾಲರಿನ ದೊಡ್ಡ ಪೊಟ್ಟಣದಲ್ಲಿ ಕೊಡುಗೆ ಸೇರಿ ಸಿಗುವುದು 8,080. ಅಂದರೆ ಆಟದಲ್ಲಿ ಏನನ್ನೂ ಗಳಿಸದೆ ಬರೀ ದುಡ್ಡಿನಿಂದಲೇ ಆ ಖಾತರಿಯನ್ನು ಮುಟ್ಟಲು ಎರಡು ಪೊಟ್ಟಣ ಬೇಕು, ಸುಮಾರು 735 ದಿರ್ಹಮ್. ಇದು ಕಂಪನಿ ಮುಚ್ಚಿಟ್ಟ ಲೆಕ್ಕವಲ್ಲ, ಪರದೆಯ ಮೇಲೆಯೇ ಇದೆ. ರತ್ನ, ಹರಳು, ಪೊಟ್ಟಣ ಎಂದು ಬೇರೆಬೇರೆ ನಾಣ್ಯಗಳಲ್ಲಿ ಹಂಚಿಹೋಗಿರುವುದರಿಂದ ಮಗು ಇದನ್ನು ದಿರ್ಹಮಿಗೆ ಇಳಿಸಿ ನೋಡುವುದಿಲ್ಲ. ಕೂತು ಕೂಡಿಸಿ ತೋರಿಸುವವರು ನಾವಾಗಬೇಕು.

ಬಿಟ್ಟಿ ಆಟವೆಂದರೆ ತಪ್ಪೇ? ಕರಾವಳಿಯ ಕೇಳುಗರು ತಮಗೆ ಗೊತ್ತಿರುವುದನ್ನೇ ನೆನೆದುಕೊಂಡರೆ ಸಾಕು. ಯಕ್ಷಗಾನ ಮೇಳಗಳಲ್ಲಿ ಹರಕೆ ಬಯಲಾಟವಿದೆ, ಟಿಕೆಟ್ಟಿನ ಡೇರೆ ಆಟವೂ ಇತ್ತು. ಹರಕೆ ಆಟದಲ್ಲಿ ಒಂದು ಮನೆಯವರು ಖರ್ಚು ಹೊರುತ್ತಾರೆ, ಊರೆಲ್ಲ ಕೂತು ಬಿಟ್ಟಿಯಾಗಿ ನೋಡುತ್ತದೆ. ಕಟೀಲು ಮೇಳದ ಆಟ ಆಡಿಸಲು ಜನ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಡೇರೆ ಮೇಳಗಳು ಟಿಕೆಟ್ ಇಟ್ಟಾಗ ಜನರನ್ನು ಸೆಳೆಯಲು ಹೊಸ ಕಥೆಗಳು, ತುಳು ಪ್ರಸಂಗಗಳು ಬಂದವು. ಹಣದ ದಾರಿ ಬದಲಾದಾಗ ರಂಗಸ್ಥಳವೂ ಬದಲಾಯಿತು. ಆದರೆ ಒಂದು ಮಾತ್ರ ಬದಲಾಗಲಿಲ್ಲ. ಆಟ ಆಡಿಸುವ ಯಜಮಾನ ಎಷ್ಟೇ ಖರ್ಚು ಮಾಡಲಿ, ಕೋಡಂಗಿ ಕುಣಿಯುವ ಹುಡುಗನನ್ನು ಒಂದೇ ರಾತ್ರಿಯಲ್ಲಿ ಬಣ್ಣದ ವೇಷಕ್ಕೆ ಏರಿಸಲಾರ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಪುಂಡುವೇಷ ಎಂದು ತಿರುಗಾಟದ ಮೇಲೆ ತಿರುಗಾಟ ಮಾಡಿ, ಕಾಲು ನೋಯಿಸಿಕೊಂಡೇ ಮೇಲೆ ಬರಬೇಕು. ಒಬ್ಬರ ಹಣದಿಂದ ಎಲ್ಲರೂ ಆಟ ನೋಡುವುದು ಒಳ್ಳೆಯ ಪದ್ಧತಿಯೇ. ಹಣ ರಂಗಸ್ಥಳಕ್ಕೆ ಹತ್ತಿ ವೇಷದ ಯೋಗ್ಯತೆ ನಿರ್ಣಯಿಸಿದಾಗ ಅದು ಕೆಡುತ್ತದೆ. ಆನ್‌ಲೈನ್ ಆಟಕ್ಕೂ ಗೆರೆ ಎಳೆಯಬೇಕಾದದ್ದು ಅಲ್ಲಿಯೇ.

ಸರ್ಕಾರಗಳು ಈ ಗೆರೆಯನ್ನು ಎಳೆಯಲು ಹೊರಟಿವೆ. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್ ಜೂಜೇ ಎಂದಿತು. 2024ರ ಜನವರಿಯಲ್ಲಿ ಕೊರಿಯಾದ ವ್ಯಾಪಾರ ನ್ಯಾಯ ಆಯೋಗ ನೆಕ್ಸಾನ್‌ಗೆ ಸುಮಾರು 1,160 ಕೋಟಿ ವೊನ್ ದಂಡ ಹಾಕಿತು. ಮೇಪಲ್‌ಸ್ಟೋರಿಯಲ್ಲಿ ಆಟಗಾರರು ಬಹಳ ಬಯಸುತ್ತಿದ್ದ ಕೆಲವು ಜೋಡಣೆಗಳ ಸಾಧ್ಯತೆಯನ್ನು ಸೊನ್ನೆಗೆ ಇಳಿಸಿ, ಅದನ್ನು ತಿಳಿಸದೆ ಮಾರಾಟ ಮುಂದುವರಿಸಿತ್ತು ಎಂಬುದು ಆಯೋಗದ ತೀರ್ಮಾನ. ಅದೇ ವರ್ಷದ ಮಾರ್ಚ್ 22ರಿಂದ ಕೊರಿಯಾದಲ್ಲಿ ಸಾಧ್ಯತೆಯ ಲೆಕ್ಕವನ್ನು ಪ್ರಕಟಿಸುವುದು ಕಾನೂನಿನಿಂದ ಕಡ್ಡಾಯವಾಯಿತು.

ನಮ್ಮ ಭಾರತದಲ್ಲಿ ಚರ್ಚೆ ನಡೆದದ್ದು ಹೆಚ್ಚಾಗಿ ರಮ್ಮಿ, ಪೋಕರ್‌ನಂಥ ಹಣದ ಆಟಗಳ ಸುತ್ತ. ಪಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2021ರಲ್ಲಿ ಕರ್ನಾಟಕ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ಹೊಡೆದುಹಾಕಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಅಲ್ಲಿಯ ವಾದದ ತಿರುಳು. 2025ರಲ್ಲಿ ಸಂಸತ್ತು ತಂದ ಆನ್‌ಲೈನ್ ಆಟಗಳ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ತಡೆಯಿತು. ಅದರ ಕಣ್ಣು ಮುಖ್ಯವಾಗಿ ಹಣದ ಗೆಲುವಿನ ಮೇಲೆ. ಹಣ ಹೋಗುತ್ತದೆ, ಬದಲಿಗೆ ಚಿತ್ರದ ಬಿಲ್ಲುಗಾರ್ತಿ ಬರುತ್ತಾಳೆ ಎಂಬ ಬಗೆಯ ಆಟಗಳಲ್ಲಿ ಕಾವಲು ಕಾಯಬೇಕಾದವರು ಇನ್ನೂ ಮನೆಯವರೇ.

ಹಾಗೆಂದು ಮಕ್ಕಳ ಕೈಯಿಂದ ಆಟ ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ನಾಳೆ ಈ ಲೋಕಗಳನ್ನು ಕಟ್ಟುವವರು ಇದೇ ಮಕ್ಕಳು. ದುಬೈ ಸರ್ಕಾರ 2023ರ ನವೆಂಬರಿನಲ್ಲಿ ಗೇಮಿಂಗ್‌ಗೆಂದೇ ಹತ್ತು ವರ್ಷದ ಯೋಜನೆ ಪ್ರಕಟಿಸಿತು. 2033ರೊಳಗೆ 30,000 ಹೊಸ ಉದ್ಯೋಗ ಅದರ ಗುರಿ. ಅಬುಧಾಬಿಯಲ್ಲಿ 2011ರಿಂದ ಆಟ ಕಟ್ಟುವ ಯೂಬಿಸಾಫ್ಟ್ ಕಂಪನಿಯ ಸ್ಟುಡಿಯೋ ಇದೆ. ಆಟಗಾರರೇ ಲೋಕ ಕಟ್ಟಿಕೊಳ್ಳುವ 'ಗ್ರೋಟೋಪಿಯಾ'ವನ್ನು ನೋಡಿಕೊಂಡು ಬಂದವರು ಅವರು. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಕಟ್ಟಿದರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅಂದರೆ ಈ ಕಸುಬಿನಲ್ಲಿ ಕನ್ನಡ ನಾಡಿನ ಬೇರು ಆಗಲೇ ಇಳಿದಿದೆ. ನಮ್ಮ ಮಕ್ಕಳು ಗ್ರಾಹಕರಾಗಿಯೇ ಉಳಿಯಬೇಕಾಗಿಲ್ಲ.

ಆದ್ದರಿಂದ ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ಮುಂದಿನ ವಾರಾಂತ್ಯದಲ್ಲಿ ಮಗುವಿನ ಪಕ್ಕದಲ್ಲಿ ಒಂದು ಗಂಟೆ ಕೂತು, "ನಿನ್ನ ಪಾತ್ರಕ್ಕೆ ಈ ಬಲ ಬಂದದ್ದು ಹೇಗೆ?" ಎಂದು ಕೇಳಿ. ಹೊತ್ತಿನಿಂದ ಎಂದರೆ, ದಿನಕ್ಕೆ ಎಷ್ಟು ಹೊತ್ತು ಎಂದು ಇಬ್ಬರೂ ಸೇರಿ ನಿಶ್ಚಯಿಸಿ. ಅಭ್ಯಾಸದಿಂದ, ಯೋಚನೆಯಿಂದ ಎಂದರೆ ಬೆನ್ನು ತಟ್ಟಿ, ಇವೇ ವಿದ್ಯೆಗಳನ್ನು ಯಾಕೆ ಆರಿಸಿದೆ ಎಂದು ವಿಚಾರಿಸಿ. ದುಡ್ಡಿನಿಂದ ಎಂದರೆ ಕಾಗದ ಪೆನ್ಸಿಲ್ ತಂದು ರತ್ನಗಳನ್ನು ದಿರ್ಹಮಿಗೆ ಇಳಿಸಿ, ಸಾಧ್ಯತೆಯ ಲೆಕ್ಕವನ್ನು ಮಗುವಿನ ಕೈಯಲ್ಲೇ ಮಾಡಿಸಿ. ಬೈಯಬೇಡಿ. ಲೆಕ್ಕ ತಾನೇ ಮಾತಾಡುತ್ತದೆ. ಫೋನಿನ ಖರೀದಿಗೆ ಪಾಸ್‌ವರ್ಡ್ ಇಡಿ, ಮೊಬೈಲ್ ಬಿಲ್ಲಿಗೆ ಸೇರುವ ಖರೀದಿಯನ್ನು ನಿಲ್ಲಿಸಿ.

ಆಟ ಕಟ್ಟುವ ಕನಸಿನ ಎಳೆಯರಿಗೂ ಒಂದು ಮಾತು. ಕಂಪನಿ ನಡೆಯಬೇಕು, ಸಂಬಳ ಕೊಡಬೇಕು, ಹಣ ಬೇಕೇ ಬೇಕು. ಚಂದಾ ಕೇಳಿ, ಒಮ್ಮೆಗೇ ಬೆಲೆ ಕೇಳಿ, ಚೆಂದದ ಉಡುಪು ಮಾರಿ. ಅಭ್ಯಾಸದಿಂದ ಬರಬೇಕಾದ್ದನ್ನು ಮಾತ್ರ ಮಾರಬೇಡಿ. ಹನ್ನೆರಡರ ವಯಸ್ಸಿನಲ್ಲಿ ಒಂದು ಮಗು ಕಲಿಯಬೇಕಾದ ದೊಡ್ಡ ಪಾಠ, ಬಾರದ್ದು ಬಿಡದೆ ಮಾಡಿದರೆ ಬರುತ್ತದೆ ಎಂಬುದು. ಒಳ್ಳೆಯ ಆಟ ಆ ಪಾಠವನ್ನು ಶಾಲೆಯಷ್ಟೇ ಗಟ್ಟಿಯಾಗಿ ಕಲಿಸಬಲ್ಲದು. ಅದನ್ನು ಅಳಿಸಿಹಾಕುವ ಆಟದಿಂದ ಎಷ್ಟೇ ಲಾಭ ಬಂದರೂ ಅದನ್ನು ನಾವು ಕಟ್ಟಬಾರದು, ನಮ್ಮ ಮನೆಯೊಳಗೆ ಬಿಟ್ಟುಕೊಳ್ಳಲೂಬಾರದು.